ಮೊದಲು ನಿಮ್ಮ ಕೈ ನೋಡಿಕೊಳ್ಳಿ, ಆಮೇಲೆ ಕ್ಯಾಟಲಾಗ್

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. ಅಮೆರಿಕದ ಸೇನೆ ಬಳಸುತ್ತಿದ್ದ, ನೂರು ವರ್ಷ ದಾಟಿದ 1911 ಅನ್ನುವ ಪಿಸ್ತೂಲನ್ನು ಜನ ಇವತ್ತಿಗೂ ಬಿಡದಿರಲು ಒಂದು ದೊಡ್ಡ ಕಾರಣ, ಅದನ್ನು ಅವರವರ ಕೈಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಬಹುದು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಅಮೆರಿಕದಲ್ಲಿ ಮಗ ಇರುವ ಅಪ್ಪಂದಿರು, ತಾತನ ಪಿಸ್ತೂಲನ್ನು ಬೀರುವಿನಲ್ಲಿ ಇಟ್ಟುಕೊಂಡವರು, ಏರ್ ಪಿಸ್ತೂಲ್ ಕಲಿಯುವ ಮಕ್ಕಳ ಅಮ್ಮಂದಿರು, ಎಲ್ಲರೂ ಇದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ನನ್ನ ಮಗ ಡಲ್ಲಾಸ್‌ನಲ್ಲಿದ್ದಾನೆ, 1911 ಪಿಸ್ತೂಲು ತಗೊಂಡಿದ್ದಾನೆ. ನಾವು ಅಲ್ಲಿಗೆ ಹೋಗಿದ್ದಾಗ ನನ್ನನ್ನೂ ಗುರಿ ಹೊಡೆಯುವ ರೇಂಜ್‌ಗೆ ಕರೆದುಕೊಂಡು ಹೋದ. ನನಗೆ ಹಿಡಿತವೇ ಸಿಗಲಿಲ್ಲ, ಎರಡು ಮೂರು ಸಲ ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲ. ಈಗ ಅವನು ಹೊಸ ಬ್ಯಾರೆಲ್, ಹೊಸ ಟ್ರಿಗರ್, ಗುಂಡಿನ ಡಬ್ಬಿ (ಮ್ಯಾಗಜೀನ್) ತೂರಿಸುವ ಬಾಯಿಗೆ ಹಾಕುವ ಅಗಲದ ತುಂಡು, ಏನೇನೋ ಆರ್ಡರ್ ಮಾಡುತ್ತಿದ್ದಾನೆ. ಮೊದಲು ಯಾವುದು ಬದಲಾಯಿಸಬೇಕು?
— ಬಸವನಗುಡಿಯ ಓದುಗರು

ಸರ್, ಮೊದಲು ಮಗನಿಗೆ ಫೋನ್ ಮಾಡಿ ಆರ್ಡರ್ ನಿಲ್ಲಿಸಲು ಹೇಳಿ. ತಮಾಷೆ ಅಲ್ಲ. ಹೊಸದಾಗಿ 1911 ತಗೊಂಡವರೆಲ್ಲ ಮಾಡುವ ಕೆಲಸ ಇದು. ಪಿಸ್ತೂಲಿನ ಬೆಲೆಯಷ್ಟೇ ದುಡ್ಡನ್ನು ಬಿಡಿಭಾಗಕ್ಕೆ ಸುರಿಯುತ್ತಾರೆ. ಕೈಗೆ ತಾಗುವ ಜಾಗ ಮಾತ್ರ ಹಾಗೇ ಇರುತ್ತದೆ.

ಗುಂಡು ಹಾರಲಿಲ್ಲ ಅಂದಿರಲ್ಲ, ಅದು ಬಹುಶಃ ಪಿಸ್ತೂಲಿನ ದೋಷ ಅಲ್ಲ. 1911ರ ಹಿಡಿಯ ಹಿಂಭಾಗದಲ್ಲಿ, ಹೆಬ್ಬೆರಳಿನ ಬುಡ ಕೂರುವ ಜಾಗದಲ್ಲಿ ಒಂದು ಒತ್ತುಪಟ್ಟಿ ಇದೆ. ಅದೇ ಗ್ರಿಪ್ ಸೇಫ್ಟಿ. ಅಂಗೈ ಅದನ್ನು ಪೂರ್ತಿ ಒಳಗೆ ಒತ್ತಿದರೆ ಮಾತ್ರ ಟ್ರಿಗರ್ ಕೆಲಸ ಮಾಡುತ್ತದೆ. ಕೆಲವರ ಅಂಗೈಯಲ್ಲಿ ಸರಿಯಾಗಿ ಅದೇ ಜಾಗ ಗುಳಿ ಇರುತ್ತದೆ. ಹೆಬ್ಬೆರಳನ್ನು ಮೇಲೆತ್ತಿ ಪಕ್ಕದಲ್ಲಿರುವ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಗುಂಡಿಯ ಮೇಲೆ ಇಟ್ಟು ಹಿಡಿದರಂತೂ ಆ ಗುಳಿ ಇನ್ನೂ ಆಳವಾಗುತ್ತದೆ, ಪಟ್ಟಿ ಅರ್ಧ ಮಾತ್ರ ಒತ್ತುತ್ತದೆ. ಇದಕ್ಕೆಂದೇ ಕೆಳಗಡೆ ಉಬ್ಬು ಇರುವ ಗ್ರಿಪ್ ಸೇಫ್ಟಿ ಸಿಗುತ್ತದೆ. ನಿಮ್ಮಂಥ ಕೈಗೆ ಮೊದಲು ಬೇಕಾದದ್ದು ಅದು. ಆ ಪಟ್ಟಿಯನ್ನು ಟೇಪ್ ಸುತ್ತಿ ಕಟ್ಟಿಹಾಕುವವರೂ ಇದ್ದಾರೆ, ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಎರಡನೆಯದು ಟ್ರಿಗರ್ ಎಷ್ಟು ದೂರ ಇದೆ ಅನ್ನುವುದು. ಪಿಸ್ತೂಲು ಖಾಲಿ ಅಂತ ಇಬ್ಬರು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಹಿಡಿದು ನೋಡಿ. ಬ್ಯಾರೆಲ್ಲು ಮುಂಗೈ ಮೂಳೆಯ ನೇರಕ್ಕೆ ಬರಬೇಕು, ಹಾಗಿರುವಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಬೆರಳ ತುದಿ ಮಾತ್ರ ಮುಟ್ಟುತ್ತಿದೆ, ಇಲ್ಲ ಅಂದರೆ ಮುಟ್ಟಿಸಲು ಇಡೀ ಪಿಸ್ತೂಲನ್ನು ಕೈಯಲ್ಲಿ ತಿರುಗಿಸಬೇಕಾಗುತ್ತಿದೆ ಅಂದರೆ ನಿಮ್ಮ ಕೈಗೆ ಗಿಡ್ಡ ಟ್ರಿಗರ್ ಬೇಕು, ಹಿಡಿಯ ಎರಡು ಪಕ್ಕಕ್ಕೆ ಕೂರುವ ಹಿಡಿಪಟ್ಟಿಯೂ ತೆಳು ಬೇಕು. ಇದೇನು ಹೊಸ ಸಂಶೋಧನೆ ಅಲ್ಲ. ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನಿಕರ ದೂರುಗಳನ್ನೆಲ್ಲ ಸೇರಿಸಿ, 1920ರ ದಶಕದಲ್ಲಿ 1911ಎ1 ಅಂತ ತಿದ್ದಿದ ಮಾದರಿ ತಂದರು. ಟ್ರಿಗರ್ ಗಿಡ್ಡ ಮಾಡಿದರು. ಟ್ರಿಗರ್ ಹಿಂದೆ, ಪಿಸ್ತೂಲಿನ ಮೂಲ ಚೌಕಟ್ಟು ಅನ್ನಬಹುದಾದ ಫ್ರೇಮ್‌ನಲ್ಲಿ ಎರಡೂ ಕಡೆ ಬೆರಳಿಗೆ ಜಾಗ ಕೊರೆದರು. ಹಿಡಿಯ ಹಿಂಭಾಗವನ್ನು ಸ್ವಲ್ಪ ಉಬ್ಬಿಸಿದರು. ಸೇನೆ ಮಾಡಿದ್ದು ಹೆಚ್ಚೂಕಡಿಮೆ ಎಲ್ಲ ಕೈಗೆ ಸಂಬಂಧಪಟ್ಟ ತಿದ್ದುಪಡಿ, ನೋಡಿ. ಗುಂಡು, ಬ್ಯಾರೆಲ್, ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್ ಬೀಗ ಹಾಕುವ ರೀತಿ, ಯಾವುದನ್ನೂ ಮುಟ್ಟಲಿಲ್ಲ. 1985ರಲ್ಲಿ ಬೆರೆಟ್ಟಾ 9 ಎಂಎಂ ಬರುವವರೆಗೂ ಅದೇ ನಡೆಯಿತು.

ಆ ಉಬ್ಬಿದ ಹಿಂಭಾಗದ ವಿಷಯದಲ್ಲಿ ಇವತ್ತಿಗೂ ಎರಡು ಪಂಗಡ. ಉಬ್ಬು ಇದ್ದರೆ ಮೂತಿ ಸ್ವಲ್ಪ ಮೇಲೇಳುತ್ತದೆ, ಚಪ್ಪಟೆ ಇದ್ದರೆ ಸ್ವಲ್ಪ ಕೆಳಗೆ ನೋಡುತ್ತದೆ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ ಗುರಿಯ ಕಡೆ ಹಿಡಿಯಿರಿ, ಆಮೇಲೆ ಕಣ್ಣು ತೆರೆಯಿರಿ. ಗುರಿ ನೋಡುವ ಮುಂದಿನ ಮೊನೆ (ಸೈಟ್) ಹಿಂದಿನ ಕಚ್ಚಿನಿಂದ ಮೇಲೆ ಎದ್ದಿದ್ದರೆ ಚಪ್ಪಟೆ ಹಾಕಿಸಿ, ಮುಳುಗಿದ್ದರೆ ಉಬ್ಬಿನದ್ದು. ಇಷ್ಟು ಸುಲಭ. ನನ್ನ ಕೈಗೆ ಚಪ್ಪಟೆಯೇ ಸರಿ. ಆದರೆ ನಿಮ್ಮ ಕೈ ನನ್ನದಲ್ಲವಲ್ಲ.

ಇನ್ನು ನಾಲ್ಕು ಸ್ಕ್ರೂ ಬಿಚ್ಚಿದರೆ ಬದಲಾಗುವ ಹಿಡಿಪಟ್ಟಿ ಎಲ್ಲಕ್ಕಿಂತ ಅಗ್ಗ. ಗ್ರಿಪ್ ಸೇಫ್ಟಿ ಆದ ಮೇಲೆ ಅದನ್ನು ನೋಡಿ. ಹೊಸ ಬ್ಯಾರೆಲ್ ಏನೂ ಬೇಡ, ಅಂಗಡಿಯಿಂದ ಬಂದ 5 ಇಂಚಿನ ಬ್ಯಾರೆಲ್ಲೇ ನಿಮ್ಮಿಬ್ಬರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಮ್ಯಾಗಜೀನ್ ಬಾಯಿಯ ಆ ತುಂಡು ಓಡುತ್ತಾ ಮ್ಯಾಗಜೀನ್ ಬದಲಿಸುವ ಸ್ಪರ್ಧೆಯವರಿಗೆ. ನಿಂತಲ್ಲೇ ನಿಂತು ಕಾಗದಕ್ಕೆ ಹೊಡೆಯುವವರಿಗೆ ಅದರಿಂದ ತೂಕ ಒಂದೇ ಲಾಭ.

ಅಂದಹಾಗೆ 1911ರ .45 ಇಂಚಿನ ಗುಂಡಿನ ಒದೆತ ನಿಮಗೆ ಜಾಸ್ತಿ ಅನ್ನಿಸಿದ್ದರೆ, ಅದೇ ಫ್ರೇಮ್ ಮೇಲೆ .22 ಗುಂಡು ಹಾರಿಸುವ ಸ್ಲೈಡ್-ಬ್ಯಾರೆಲ್ ಸೆಟ್ ಸಿಗುತ್ತದೆ. ಈ ಯೋಚನೆಯೂ ಹಳೆಯದೇ. ಕೋಲ್ಟ್ ಕಂಪನಿ 1931ರಲ್ಲೇ 1911ರ ಆಕಾರದಲ್ಲಿ ಏಸ್ ಅನ್ನುವ .22 ಪಿಸ್ತೂಲು ತಂದಿತ್ತು, ಅಭ್ಯಾಸಕ್ಕೆ ಅಂತ. ಮಗನಿಗೆ ಆ ಬ್ಯಾರೆಲ್ ಬಿಟ್ಟು ಇದನ್ನು ತಗೋ ಅನ್ನಿ. ಮುಂದಿನ ಸಲ ಹೋದಾಗ ಇಬ್ಬರೂ ಖುಷಿಯಾಗಿರುತ್ತೀರಿ.

ಸರ್, ನಾನೂ ಅಮೆರಿಕದಲ್ಲೇ ಇರುವವನು, ಊರು ಯಲಹಂಕ. ನನ್ನ ಹಳೇ ಮಾದರಿ 1911 ಪ್ರತಿ ಸಲವೂ ಹೆಬ್ಬೆರಳು, ತೋರುಬೆರಳ ನಡುವಿನ ಚರ್ಮ ಕಚ್ಚುತ್ತದೆ. ರಕ್ತ ಬರುತ್ತದೆ. ಗ್ಲೌಸ್ ಹಾಕಲಾ?

ಗ್ಲೌಸ್ ಬೇಡ. ಕಚ್ಚುತ್ತಿರುವುದು ಹ್ಯಾಮರ್, ಗುಂಡು ಹಾರಿಸಲು ಹಿಂದಿನಿಂದ ಬಡಿಯುವ ಸುತ್ತಿಗೆ. ಸ್ಲೈಡ್ ಹಿಂದೆ ಬಂದಾಗ ಹ್ಯಾಮರನ್ನು ಕೆಳಗೆ ಒತ್ತುತ್ತದೆ, ಹ್ಯಾಮರಿನ ಉದ್ದನೆ ಬಾಲಕ್ಕೂ ಗ್ರಿಪ್ ಸೇಫ್ಟಿಯ ಗಿಡ್ಡ ತುದಿಗೂ ನಡುವೆ ನಿಮ್ಮ ಚರ್ಮ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲನ್ನು ಎಷ್ಟು ಮೇಲೆ ಹಿಡಿದರೆ ಅಷ್ಟು ಒಳ್ಳೆಯದು ಅಂತ ಎಲ್ಲ ಕೋಚ್‌ಗಳೂ ಹೇಳುತ್ತಾರೆ, ಮೇಲೆ ಹಿಡಿದಷ್ಟೂ ಕಚ್ಚು ಜಾಸ್ತಿ. ಸೇನೆಯವರು 1911ಎ1ರಲ್ಲಿ ಆ ತುದಿಯನ್ನು ಸ್ವಲ್ಪ ಉದ್ದ ಮಾಡಿದ್ದು ಇದೇ ಕಾರಣಕ್ಕೆ. ಈಗ ಬೀವರ್‌ಟೇಲ್ ಅನ್ನುವ ಅಗಲದ, ಮೇಲಕ್ಕೆ ಬಾಗಿದ ತುದಿ ಸಿಗುತ್ತದೆ, ಜೊತೆಗೆ ಬಾಲ ಇಲ್ಲದ ದುಂಡು ಹ್ಯಾಮರ್. ಎರಡೂ ಒಟ್ಟಿಗೆ ಹಾಕಿಸಬೇಕು. ಹಳೇ ಹ್ಯಾಮರ್ ಬಿಟ್ಟು ಬೀವರ್‌ಟೇಲ್ ಒಂದೇ ಹಾಕಿದರೆ ಒಂದಕ್ಕೊಂದು ತಾಗಬಹುದು.

ಒಂದು ಎಚ್ಚರ. ಚೆನ್ನಾಗಿ ಕೂರುವ ಬೀವರ್‌ಟೇಲ್ ಹಾಕಲು ಫ್ರೇಮಿನ ಹಿಂದೆ ಕಿವಿಯ ಹಾಗೆ ಚಾಚಿದ ಎರಡು ತುದಿಗಳನ್ನು ಅರ ಹಿಡಿದು ದುಂಡಗೆ ಉಜ್ಜಬೇಕು. ಉಜ್ಜಿದ ಉಕ್ಕು ವಾಪಸ್ ಬರುವುದಿಲ್ಲ. ಅಲ್ಲಿನ ಕಾನೂನಿನಲ್ಲಿ ಆ ಫ್ರೇಮೇ ಪಿಸ್ತೂಲು, ಉಳಿದಿದ್ದೆಲ್ಲ ಬರೀ ಬಿಡಿಭಾಗ. ಹಾಗಾಗಿ ಫ್ರೇಮ್ ಮುಟ್ಟುವ ಕೆಲಸವನ್ನು ಕಸುಬು ಬಲ್ಲವರಿಗೆ ಕೊಡಿ. ಪಿಸ್ತೂಲು ನಿಜಕ್ಕೂ ಹಳೇ ಸೇನಾ ಮಾಲಾಗಿದ್ದರೆ ಉಜ್ಜಿಸಲೇಬೇಡಿ, ಅದನ್ನು ಹಾಗೇ ಎತ್ತಿಟ್ಟು ಇನ್ನೊಂದು ತಗೊಳ್ಳಿ. ಹಳೇ ಮಾಲಿಗೆ ಬೆಲೆ ಇರುವುದೇ ಅದು ಮೊದಲಿದ್ದ ಹಾಗೆ ಇದ್ದರೆ.

ಬೆಂಗಳೂರಿನಲ್ಲೇ 1911 ಇಟ್ಟುಕೊಳ್ಳಲು ಆಗುವುದಿಲ್ಲವಾ? ಲೈಸೆನ್ಸ್ ಮಾಡಿಸಿದರೆ ಸಾಕಲ್ಲ?
— ರಾಜಾಜಿನಗರ, ಮತ್ತಿಕೆರೆ, ಇನ್ನೂ ಹಲವರು

ಸಾಕಾಗುವುದಿಲ್ಲ. ನಮ್ಮಲ್ಲಿ ಸೇನೆ, ಪೊಲೀಸ್ ಬಳಸುವ ಗುಂಡು ಹಾಕಬಹುದಾದ ಪಿಸ್ತೂಲುಗಳು ಪ್ರಹಿಬಿಟೆಡ್ ಬೋರ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ಗುಂಡಿನ ಅಳತೆ. 9 ಎಂಎಂ ಅದಕ್ಕೇ ಸಿಗುವುದಿಲ್ಲ, 1911ರ .45ಗೂ ಸಾಮಾನ್ಯ ಲೈಸೆನ್ಸ್‌ನಲ್ಲಿ ದಾರಿ ಇಲ್ಲ. ಮಾಮೂಲಿ ಲೈಸೆನ್ಸ್‌ದಾರರಿಗೆ ಹೆಚ್ಚಾಗಿ ಸಿಗುವುದು .32. ವಿದೇಶಿ ಪಿಸ್ತೂಲು ತರಿಸುವುದೂ 1980ರ ದಶಕದಿಂದ ಸಾಮಾನ್ಯರಿಗೆ ಬಂದ್, ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಅವಕಾಶ. ಹಾಗಾಗಿಯೇ ಹಳೇ ಇಂಪೋರ್ಟೆಡ್ .32ಗಳಿಗೆ ಬೆಂಗಳೂರಿನಲ್ಲಿ ಕಾರಿನ ಬೆಲೆ ಹೇಳುತ್ತಾರೆ.

ಲೈಸೆನ್ಸ್ ಕೊಡುವುದು ನಗರದಲ್ಲಿ ಪೊಲೀಸ್ ಕಮಿಷನರ್, ಪೊಲೀಸ್ ವಿಚಾರಣೆ ಆಗುತ್ತದೆ, ಶಸ್ತ್ರ ಸುರಕ್ಷತೆಯ ತರಬೇತಿ ಸರ್ಟಿಫಿಕೇಟ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಎರಡೇ ಬಂದೂಕು. ಅಪ್ಪನಿಂದ ಬಂದದ್ದು ಅಂದರೂ ಲೆಕ್ಕ ಎರಡೇ. ಮನೆಯಲ್ಲಿ ಸುಮ್ನೆ ಇರಲಿ ಅಂತ ಪಿಸ್ತೂಲು ಬೇಕು ಅನ್ನುವವರಿಗೆ ನನ್ನ ಸಲಹೆ, ಬೇಡ. ಗುರಿ ಹೊಡೆಯುವ ಆಸೆ ಇದ್ದರೆ ಏರ್ ಪಿಸ್ತೂಲ್ ಹಿಡಿಯಿರಿ. .177 ಬೋರ್, ಹೊಡೆತದ ಶಕ್ತಿ 20 ಜೂಲ್ ಒಳಗಿನದಕ್ಕೆ ಲೈಸೆನ್ಸೇ ಬೇಡ. ಕೈಗೆ ತಕ್ಕ ಹಾಗೆ ತಿದ್ದಿಕೊಳ್ಳುವ ಹುಚ್ಚು ಇದ್ದವರಿಗೆ ಅದಕ್ಕಿಂತ ಒಳ್ಳೆ ಆಟದ ಮೈದಾನ ಇಲ್ಲ. ಕೆಳಗಿನ ಪತ್ರ ನೋಡಿ.

ನನ್ನ ಮಗಳು ಒಂಬತ್ತನೇ ಕ್ಲಾಸು, 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಕೈ ಚಿಕ್ಕದು. ಸೆಕೆಂಡ್ ಹ್ಯಾಂಡ್ ಪಿಸ್ತೂಲು ತಗೊಂಡೆವು, ಅದರ ಮರದ ಹಿಡಿ ದೊಡ್ಡ ಗಂಡಸಿನ ಕೈಗೆ ಮಾಡಿದ್ದು. ಗುಂಡುಗಳೆಲ್ಲ ಎಡಕ್ಕೆ ಬೀಳುತ್ತವೆ. ಹೊಸ ಹಿಡಿಯ ಬೆಲೆ ಕೇಳಿ ತಲೆ ತಿರುಗಿತು. ಅದನ್ನೇ ಕೆತ್ತಿಸಬಹುದಾ?
— ಕೆಂಗೇರಿ ಉಪನಗರದ ಅಮ್ಮ

ಖಂಡಿತ ಕೆತ್ತಬಹುದು ಮೇಡಂ, ಕೆತ್ತಲೇಬೇಕು. ದೊಡ್ಡ ಸ್ಪರ್ಧೆಗಳಿಗೆ ಹೋಗುವವರ ಹಿಡಿಗಳನ್ನು ಹತ್ತಿರದಿಂದ ನೋಡಿದ್ದೀರಾ? ಅಂಗಡಿಯಲ್ಲಿ ಇದ್ದ ಚಂದ ಒಂದರಲ್ಲೂ ಉಳಿದಿರುವುದಿಲ್ಲ. ಒಂದು ಕಡೆ ಪುಟ್ಟಿ ಮೆತ್ತಿರುತ್ತದೆ, ಇನ್ನೊಂದು ಕಡೆ ಅರ ಆಡಿಸಿ ಮರದ ಬಿಳಿ ಬಣ್ಣ ಕಾಣುತ್ತಿರುತ್ತದೆ, ಬೆವರಿನ ಕಲೆ ಬೇರೆ. ನೋಡಲು ಅಸಹ್ಯ. ಅದರಲ್ಲೇ ಮೆಡಲ್ ಬರುತ್ತದೆ.

ಮೊದಲು ಅಳತೆಯ ನಿಯಮ ತಿಳಿದುಕೊಳ್ಳಿ, ಇಲ್ಲದಿದ್ದರೆ ಕೆತ್ತಿದ್ದೆಲ್ಲ ಸ್ಪರ್ಧೆಗೆ ಮುಂಚೆ ಸಲಕರಣೆ ಪರೀಕ್ಷಿಸುವ ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ವೇಸ್ಟ್. ಇಡೀ ಪಿಸ್ತೂಲು 420, 200, 50 ಮಿಲಿಮೀಟರ್ ಪೆಟ್ಟಿಗೆಯೊಳಗೆ ಹಿಡಿಸಬೇಕು. ತೂಕ 1500 ಗ್ರಾಂ ದಾಟಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು, ಮಣಿಕಟ್ಟು ಬಿಡಿಯಾಗಿ ಕಾಣಬೇಕು. ಅಂಗೈ ಕೆಳಗಿನ ಮರದ ತಟ್ಟೆ ಇದೆಯಲ್ಲ, ಅದು ಅಂಗೈಯನ್ನು ಬಳಸಿ ಮೇಲಕ್ಕೆ ಬಾಗಿರಬಾರದು.

ಈಗ ಕೆಲಸ. ಆ ತಟ್ಟೆಯ ಸ್ಕ್ರೂ ಸಡಿಲ ಮಾಡಿ ಮೇಲಕ್ಕೆ ಸರಿಸಿ, ಅಂಗೈಯ ಅಂಚಿಗೆ ಸುಮ್ನೆ ತಾಗುವಷ್ಟು. ಬಿಗಿ ಮಾಡಿ ಕೈಯನ್ನು ಸಿಕ್ಕಿಸಬೇಡಿ, ತುಂಬಾ ಮಕ್ಕಳು ತಟ್ಟೆಯನ್ನು ಬಿಗಿ ಮಾಡಿದರೆ ಪಿಸ್ತೂಲು ಅಲ್ಲಾಡುವುದಿಲ್ಲ ಅಂದುಕೊಳ್ಳುತ್ತಾರೆ. ಅರ್ಧ ಗಂಟೆ ಆದ ಮೇಲೆ ಬೆರಳು ಜುಮ್ ಅನ್ನುತ್ತದೆ. ಆಮೇಲೆ ಟ್ರಿಗರ್. ಒಳ್ಳೆ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಬ್ಲೇಡ್ ಹಿಂದೆ ಮುಂದೆ ಸರಿಯುತ್ತದೆ, ತಿರುಗುತ್ತದೆ ಕೂಡ. ಅದನ್ನು ಮಗಳ ಬೆರಳಿನ ಹತ್ತಿರಕ್ಕೆ ತನ್ನಿ. ಇವೆರಡಕ್ಕೆ ದುಡ್ಡೇ ಬೇಡ. ಇಷ್ಟರಲ್ಲೇ ಎಡಕ್ಕೆ ಬೀಳುವುದು ಅರ್ಧ ಕಡಿಮೆ ಆಗಬಹುದು. ಯಾಕೆ ಅಂದರೆ, ಬಲಗೈಯವರ ಬೆರಳು ಟ್ರಿಗರ್‌ಗೆ ಪೂರ್ತಿ ಎಟುಕದಿದ್ದಾಗ ತುದಿಯಿಂದ ಅದನ್ನು ಪಕ್ಕಕ್ಕೆ ತಳ್ಳುತ್ತಾರೆ, ಮೂತಿ ಎಡಕ್ಕೆ ಹೋಗುತ್ತದೆ. ನಿಮ್ಮ ಮಗಳು ಬಲಗೈಯವಳು ಅಂತ ಅಂದುಕೊಂಡಿದ್ದೇನೆ.

ಆಮೇಲೂ ಉಳಿದರೆ ಕೆತ್ತನೆ. ಮಗಳ ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿ, ಪಿಸ್ತೂಲು ಹಿಡಿಸಿ, ಬಿಡಿಸಿ. ಮರದ ಮೇಲೆ ಎಲ್ಲಿ ಬಿಳಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಅಂತ ಕಾಣುತ್ತದೆ. ಬೀಳದ ಜಾಗಕ್ಕೆ ಪುಟ್ಟಿ ತುಂಬಬೇಕು. ಜಾಸ್ತಿ ಒತ್ತಿರುವ ಜಾಗ, ಸಾಮಾನ್ಯವಾಗಿ ತೋರುಬೆರಳ ಬುಡ, ಅಲ್ಲಿ ಮರಳು ಕಾಗದ ಹಾಕಿ ಉಜ್ಜಬೇಕು. ತೋರುಬೆರಳ ಪಕ್ಕ ಮರಕ್ಕೆ ತಾಗಲೇಬಾರದು, ಒಂದು ಕಾಗದ ತೂರುವಷ್ಟು ಸಂದು ಇರಲಿ. ಪುಟ್ಟಿಗೆ ಕಟ್ಟಿಗೆ ಅಂಗಡಿಯ ವುಡ್ ಪುಟ್ಟಿ ಆದೀತು, ಪೈಪ್ ಲೀಕಿಗೆ ಹಚ್ಚುವ ಎರಡು ಬಣ್ಣದ ಎಂ-ಸೀಲ್ ಕೂಡ ಆದೀತು. ಕಲಸಿ ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಗಟ್ಟಿಯಾಗುವ ಮುಂಚೆ ಮಗಳ ಕೈಯಲ್ಲಿ ಹಿಡಿಸಿ. ಬೆರಳಚ್ಚು ಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಉಜ್ಜಿ. ಈ ಕೆಲಸಕ್ಕೆಲ್ಲ ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿಡಿ. ಕೈ ಆಕಾರ ನೋಡುವಾಗ ಮಾತ್ರ ಜೋಡಿಸಿ, ಅದೂ ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಇಲ್ಲದೆ, ಮೂತಿ ಗೋಡೆ ಕಡೆಗೆ.

ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ. ಒಂದು ಜಾಗ ಬದಲಿಸಿ, ಒಂದು ವಾರ ಹೊಡೆಯಲಿ, ಆಮೇಲೆ ಇನ್ನೊಂದು. ಮೂರು ಜಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಮಗಳು ಬೆಳೆಯುವ ವಯಸ್ಸು, ಕೈಯೂ ಬೆಳೆಯುತ್ತದೆ, ಆರು ತಿಂಗಳಿಗೆ ಪುಟ್ಟಿ ಮತ್ತೆ ಉಜ್ಜಬೇಕಾಗಬಹುದು. ಕೋಚ್ ಹತ್ತಿರ ಮೊದಲೇ ಹೇಳಿ, ಕೆಲವರಿಗೆ ಕೇಳದೆ ಮಾಡಿದರೆ ಸಿಟ್ಟು ಬರುತ್ತದೆ, ಅದೂ ನ್ಯಾಯವೇ.

ಇನ್ನೊಂದು. ತಿದ್ದುವ ಹುಮ್ಮಸ್ಸಿನಲ್ಲಿ ಪಿಸ್ತೂಲಿನ ಆರೋಗ್ಯ ಮರೆಯಬೇಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲು ಕೆಟ್ಟು ಎಷ್ಟು ಹೊತ್ತು ಹಾಳಾಯಿತು, ಫೈನಲ್ ಕೈತಪ್ಪಿತು, ಎಲ್ಲರಿಗೂ ನೆನಪಿದೆ. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದಳು, ಅದು ಬೇರೆ. ಸ್ಪರ್ಧೆಗೆ ಮುಂಚೆ ಪ್ರತಿ ಸ್ಕ್ರೂ ಮುಟ್ಟಿ ನೋಡುವ ಅಭ್ಯಾಸ ಈಗಲೇ ಮಾಡಿಸಿ.

ಟ್ರಿಗರ್ ಹಗುರ ಮಾಡುವುದು ಹೇಗೆ? ಒಳಗಿನ ಸ್ಪ್ರಿಂಗ್ ಸ್ವಲ್ಪ ಬಗ್ಗಿಸಿದರೆ ಆಗುತ್ತದಂತೆ, ವಿಡಿಯೋ ನೋಡಿದೆ.
— ವಿಜಯನಗರ

ಆಗುತ್ತದೆ, ಮತ್ತೆ ಆಗಬಾರದ್ದೂ ಆಗುತ್ತದೆ. ಹಾಗಾಗಿ ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಹ್ಯಾಮರನ್ನು ಹಿಡಿದು ನಿಲ್ಲಿಸುವ ಎರಡು ಉಕ್ಕಿನ ಅಂಚುಗಳು ತೀರಾ ಸಣ್ಣವು. ಅವು ಸ್ವಲ್ಪ ಹೆಚ್ಚು ಕಡಿಮೆ ಆದರೂ ಸ್ಲೈಡ್ ಮುಂದೆ ಬಡಿದ ರಭಸಕ್ಕೆ ಹ್ಯಾಮರ್ ತಾನಾಗಿ ಬೀಳಬಹುದು. ಬೆರಳು ಮುಟ್ಟದೆಯೇ ಗುಂಡು ಹಾರುತ್ತದೆ, ಕೆಲವೊಮ್ಮೆ ಒಂದಾದ ಮೇಲೊಂದು.

ಸೇನೆಯ 1911 ಟ್ರಿಗರ್ ಒತ್ತಲು ಐದಾರು ಪೌಂಡ್ ಬಲ ಬೇಕಿತ್ತು. ಗುರಿ ಸ್ಪರ್ಧೆಯವರು ಮೂರೂವರೆ, ನಾಲ್ಕಕ್ಕೆ ಇಳಿಸುತ್ತಾರೆ, ಅದೂ ಅದೇ ಕೆಲಸದಲ್ಲಿ ಪಳಗಿದವರ ಕೈಯಲ್ಲಿ. ತೂಕಕ್ಕಿಂತ ಟ್ರಿಗರ್ ಹೇಗೆ ಬಿಡುತ್ತದೆ ಅನ್ನುವುದು ಮುಖ್ಯ, ಕಡ್ಡಿ ಮುರಿದ ಹಾಗೆ ಪಟ್ ಅಂತ ಬಿಟ್ಟರೆ ನಾಲ್ಕು ಪೌಂಡ್ ಭಾರವೇ ಅಲ್ಲ. ಮತ್ತೆ ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಮನೆ ಮೇಜಿನ ಮೇಲೆ ಬಿಚ್ಚಿ ಕೂರುವುದು ಬೇಡ.

ತಾತನದ್ದು ಒಂದು .32 ಕೋಲ್ಟ್ ಪಿಸ್ತೂಲು ಇದೆ, ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಹಿಡಿಯ ಕಪ್ಪು ಪಟ್ಟಿ ಬಿರುಕು ಬಿಟ್ಟಿದೆ. ದಂತದ್ದು ಹಾಕಿಸುವ ಆಸೆ. ಪಾಲಿಶ್ ಕೂಡ ಹೊಸದಾಗಿ ಮಾಡಿಸಲಾ?
— ಮಲ್ಲೇಶ್ವರಂ

ದಂತದ ಮಾತು ಇಲ್ಲಿಗೇ ಬಿಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ನೇರ ಜೈಲು. ಜಿಂಕೆ, ಕಡವೆ ಕೊಂಬೂ ಅಷ್ಟೇ.

ನಿಮ್ಮದು ಬಹುಶಃ ಕೋಲ್ಟ್ 1903 ಮಾದರಿ. ಅದೂ ಬ್ರೌನಿಂಗ್ ಅವರ ಕೈಯದೇ, 1911ರ ಅಣ್ಣ ಅನ್ನಬಹುದು. ಗ್ರಿಪ್ ಸೇಫ್ಟಿ ಅದರಲ್ಲೂ ಇದೆ. ಆ ಕಪ್ಪು ಪಟ್ಟಿ ಗಟ್ಟಿ ರಬ್ಬರಿನದ್ದು, ವಯಸ್ಸಾದ ಮೇಲೆ ಗಾಜಿನಂತೆ ಸಿಡಿಯುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಬಿರುಕು ಇನ್ನೂ ಓಡುತ್ತದೆ, ಬಿಗಿ ಮಾಡಬೇಡಿ. ಬಿಚ್ಚಿ ಹತ್ತಿಯಲ್ಲಿ ಸುತ್ತಿ ಎತ್ತಿಡಿ. ಒಡೆದಿದ್ದರೂ ಅದಕ್ಕೆ ಬೆಲೆ ಇದೆ.

ಹೊಸ ಪಟ್ಟಿಗೆ ಬೀಟೆ ಮರ ಚೆನ್ನ. ವಾಲ್‌ನಟ್ ಸಿಕ್ಕರೆ ಅದೂ ಸರಿ. ಚನ್ನಪಟ್ಟಣದ ಬೊಂಬೆಯವರು ಬಳಸುವ ಹಾಲೆ ಮರ ನುಣುಪಾಗಿ ಬರುತ್ತದೆ ನಿಜ, ಆದರೆ ಇಷ್ಟು ತೆಳು ಪಟ್ಟಿಗೆ ಅದು ಮೆದು, ಸ್ಕ್ರೂ ತೂತಿನ ಸುತ್ತ ತಗ್ಗು ಬೀಳುತ್ತದೆ. ಮರ ಚೆನ್ನಾಗಿ ಒಣಗಿರಬೇಕು, ಹಸಿ ಮರ ಹಾಕಿದರೆ ಬೇಸಿಗೆಯಲ್ಲಿ ಸೊಟ್ಟ ಆಗುತ್ತದೆ. ಬಡಗಿಗೆ ಹಳೇ ಪಟ್ಟಿಗಳನ್ನು ಮಾತ್ರ ಕೊಡಿ, ಪಿಸ್ತೂಲು ಕೊಡಬೇಡಿ, ಒಂದು ಗಂಟೆ ಮಟ್ಟಿಗೂ ಬೇಡ. ಕೊನೆಗೆ ಕೂರಿಸುವ ಕೆಲಸ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಆಗಲಿ. ಪಟ್ಟಿ ಒಳಗಡೆ ಒಂದು ಕೂದಲು ದಪ್ಪ ಆದರೂ ಮ್ಯಾಗಜೀನ್ ಸಿಕ್ಕಿಕೊಳ್ಳಬಹುದು, ಸೇಫ್ಟಿ ಗುಂಡಿಗೆ ತಾಗಬಹುದು. ಅಮೆರಿಕದಲ್ಲಿ 1911 ಇರುವವರಿಗೂ ಒಂದು ಮಾತು, ಅದರ ಎಡಗಡೆ ಪಟ್ಟಿ ಬರೀ ಅಲಂಕಾರ ಅಲ್ಲ. ಸೇಫ್ಟಿ ಗುಂಡಿಯ ಸ್ಪ್ರಿಂಗ್ ಇರುವ ಸಣ್ಣ ಕೊಳವೆಗೆ ಅದೇ ಆಸರೆ. ಚಂದ ಕಾಣಲಿ ಅಂತ ಆ ಜಾಗ ಕೆತ್ತಿ ತೆಳು ಮಾಡಿದರೆ ಕೊಳವೆ ಸಡಿಲವಾಗಿ ಸೇಫ್ಟಿಯೇ ಕೈಕೊಡುತ್ತದೆ.

ಪಾಲಿಶ್ ಬೇಡವೇ ಬೇಡ. ತಾತನ ಕೈ ಸವೆಸಿದ ನೀಲಿ ಬಣ್ಣ ಅದು. ಹೊಸದಾಗಿ ಉಜ್ಜಿಸಿದರೆ ಅಕ್ಷರಗಳ ಅಂಚು ಮಾಸುತ್ತದೆ, ಅದರ ಜೊತೆ ಪಿಸ್ತೂಲಿನ ನಂಬರ್ ಕೂಡ. ನಂಬರ್ ಅಳಿಸಿದ ಬಂದೂಕು ಸಿಕ್ಕರೆ ಕಾನೂನು ಕಾರಣ ಕೇಳುತ್ತಾ ಕೂರುವುದಿಲ್ಲ. ಸ್ಲೈಡ್ ಮೇಲೆ ಮಗನ ಹೆಸರು ಲೇಸರ್‌ನಲ್ಲಿ ಬರೆಸಬಹುದಾ ಅಂತ ಕೇಳಿದ ಇನ್ನೊಬ್ಬ ಓದುಗರಿಗೂ ಇದೇ ಉತ್ತರ.

ವಯಸ್ಸು ಐವತ್ತು ದಾಟಿತು. ಈಗ ಮುಂದಿನ ಸೈಟ್ ಮಸುಕು, ಗುರಿ ಸ್ಪಷ್ಟ. ಫೈಬರ್ ಸೈಟ್ ಹಾಕಿಸಲಾ, ಕನ್ನಡಕ ಬದಲಿಸಲಾ?
— ಜೆ.ಪಿ. ನಗರ, ಕ್ಲಬ್‌ನಲ್ಲಿ .22 ಪಿಸ್ತೂಲು ಹೊಡೆಯುವವರು

ಕನ್ನಡಕ. ಗುರಿ ಮಸುಕಾಗಿ ಸೈಟ್ ಸ್ಪಷ್ಟವಾಗಿ ಕಾಣಬೇಕು, ನಿಮಗೆ ಉಲ್ಟಾ ಆಗಿದೆ. ಓದುವ ಕನ್ನಡಕ ಹಾಕಿದರೆ ಪುಸ್ತಕದ ದೂರ ಸ್ಪಷ್ಟ, ಕೈ ಚಾಚಿದ ದೂರ ಅಲ್ಲ. ಕನ್ನಡಕದ ಅಂಗಡಿಗೆ ಪಿಸ್ತೂಲು ಒಯ್ಯಬೇಡಿ ಮಾರಾಯ್ರೆ! ಕೈ ಚಾಚಿ ನಿಂತು ಕಣ್ಣಿನಿಂದ ಮುಂದಿನ ಸೈಟ್‌ವರೆಗಿನ ದೂರವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಆ ದೂರಕ್ಕೆ ಒಂದು ಕಣ್ಣಿನ ಲೆನ್ಸ್ ಮಾಡಿಸಿ. ಸೈಟ್ ಮೇಲೆ ಲೆನ್ಸ್ ಕೂರಿಸುವುದನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ, ಕಣ್ಣಿನ ಮೇಲಿನ ಕನ್ನಡಕ ಒಪ್ಪುತ್ತಾರೆ.

ಫೈಬರ್ ಸೈಟ್ ಹೊಳೆಯುತ್ತದೆ, ಬೇಗ ಹೊಡೆಯುವ ಆಟಕ್ಕೆ ಚೆನ್ನ. ನಿಧಾನವಾಗಿ ಕಾಗದದ ಮಧ್ಯ ಹುಡುಕುವವರಿಗೆ ಕಪ್ಪು ಚೌಕದ ಸೈಟೇ ವಾಸಿ, ಹೊಳೆಯುವ ಚುಕ್ಕೆಗೆ ಚೂಪಾದ ಅಂಚು ಇರುವುದಿಲ್ಲವಲ್ಲ. ಕಣ್ಣಿಗೆ ಬೆಳಕು ಕಡಿಮೆ ಅನ್ನಿಸಿದರೆ ಹಿಂದಿನ ಕಚ್ಚನ್ನು ಸ್ವಲ್ಪ ಅಗಲ ಮಾಡಿಕೊಳ್ಳಿ. ಸುಮಾರು ಸ್ಪರ್ಧಾ ಪಿಸ್ತೂಲುಗಳಲ್ಲಿ ಅದು ಒಂದು ಸ್ಕ್ರೂ ಕೆಲಸ.

ಅಮೆರಿಕದಿಂದ ಬರುವಾಗ ಅಣ್ಣ 1911ರ ಹಳೇ ಟ್ರಿಗರ್, ಹ್ಯಾಮರ್ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ, ಶೋಕೇಸ್‌ಗೆ. ಸೂಟ್‌ಕೇಸ್‌ನಲ್ಲಿ ಹಾಕಿದರೆ ತೊಂದರೆ ಏನೂ ಇಲ್ಲವಲ್ಲ?
— ಹೆಬ್ಬಾಳ

ತುಂಬಾ ತೊಂದರೆ ಇದೆ. ನಮ್ಮ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ, ತರಲು ಲೈಸೆನ್ಸ್ ಬೇಕು. ಅಲ್ಲಿಂದ ಹೊರಗೆ ಒಯ್ಯುವುದಕ್ಕೂ ಅವರ ಕಾನೂನು ಬೇರೆ ಇದೆ. ದೇವನಹಳ್ಳಿಯ ಸ್ಕ್ಯಾನರ್ ಮುಂದೆ ಅದು ಶೋಕೇಸ್‌ಗೆ ಅಂತ ಯಾರೂ ಕೇಳುವುದಿಲ್ಲ. ಅಣ್ಣನಿಗೆ ಒಂದು ಒಳ್ಳೆ ಫೋಟೋ ತೆಗೆದು ಕಳಿಸಲು ಹೇಳಿ.

ಆಯುಧ ಪೂಜೆಗೆ ಪಿಸ್ತೂಲಿಗೆ ಅರಿಶಿನ ಕುಂಕುಮ ಇಡುತ್ತೇವೆ. ಹೋದ ವರ್ಷ ಆ ಜಾಗದಲ್ಲಿ ಕಂದು ಚುಕ್ಕೆ ಉಳಿಯಿತು. ಇಡುವುದು ತಪ್ಪಾ?
— ಚಾಮರಾಜಪೇಟೆ

ಇಡಿ, ಯಾಕೆ ಬೇಡ. ಆದರೆ ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಇಡುತ್ತೇವೆ, ಅದು ಉಕ್ಕಿನ ಮೇಲೆ ರಾತ್ರಿ ಪೂರ್ತಿ ಕೂತರೆ ತುಕ್ಕು ಹಿಡಿಯದೆ ಇನ್ನೇನಾಗುತ್ತದೆ. ಪುಡಿಯೂ ತೇವ ಎಳೆಯುತ್ತದೆ, ಸ್ಲೈಡಿನ ಸಂದಿಗೆ ಇಳಿದರೆ ಎಣ್ಣೆ ಜೊತೆ ಸೇರಿ ಮಡ್ಡಿ ಆಗುತ್ತದೆ. ಹಾರದ ನೀರು, ತೆಂಗಿನಕಾಯಿ ನೀರು ಇನ್ನೂ ಕೆಟ್ಟದ್ದು. ಪೂಜೆಗೆ ಮುಂಚೆ ಮ್ಯಾಗಜೀನ್ ತೆಗೆದು, ಬ್ಯಾರೆಲ್ಲಿನಲ್ಲಿ ಗುಂಡು ಕೂರುವ ಜಾಗ (ಚೇಂಬರ್) ಖಾಲಿ ಅಂತ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಡಿ. ಮನೆ ತುಂಬಾ ಮಕ್ಕಳು ಇರುತ್ತಾರೆ. ಬೊಟ್ಟನ್ನು ಮರದ ಹಿಡಿಗೋ, ಪಿಸ್ತೂಲು ಇಡುವ ಪೆಟ್ಟಿಗೆಗೋ ಇಡಬಹುದು. ಸ್ಲೈಡ್ ಮೇಲೇ ಬೇಕು ಅಂದರೆ ಮೊದಲು ತೆಳ್ಳಗೆ ಗನ್ ಆಯಿಲ್ ಸವರಿ.

ಈಗಿರುವ ಕಂದು ಚುಕ್ಕೆಗೆ ಮರಳು ಕಾಗದ ಹಾಕಬೇಡಿ, ನೀಲಿ ಬಣ್ಣವೂ ಹೋಗುತ್ತದೆ. ಚುಕ್ಕೆ ಮೇಲೆ ಎಣ್ಣೆ ಬಿಟ್ಟು ಒಂದು ದಿನ ನೆನೆಯಲು ಬಿಡಿ, ಆಮೇಲೆ ಒರಟು ಬಟ್ಟೆಯಿಂದ ನಿಧಾನಕ್ಕೆ ತಿಕ್ಕಿ. ಹೋಗದಿದ್ದರೆ ಕೋವಿ ಅಂಗಡಿಯವರಿಗೆ ತೋರಿಸಿ. ಈ ವರ್ಷ ಮಾತ್ರ ಮಾರನೇ ದಿನ ಅನ್ನಬೇಡಿ, ಊಟ ಆದ ಮೇಲೆ ಅವತ್ತೇ ಒರೆಸಿ ಎಣ್ಣೆ ಹಚ್ಚಿ ಒಳಗಿಡಿ.